ಪಲ್ಯದ ಮಡಿಗೆ ಯಾವ ಹಲಗೆ?

ಕಳೆದ ಮುಂಗಾರಿನಲ್ಲಿ ನಮ್ಮ ಹಿತ್ತಲಲ್ಲಿ ಮೆಂತ್ಯ, ರಾಜಗಿರಿಗಾಗಿ ಎತ್ತರದ ಮಡಿಯೊಂದನ್ನು ಕಟ್ಟಿದ್ದೆ. ಸುತ್ತಲೂ ನಿಲ್ಲಿಸಿದ್ದು ಹಣ್ಣಿನ ಪೆಟ್ಟಿಗೆ ಬಿಚ್ಚಿ ತೆಗೆದ ಮಾವಿನ ಹಲಗೆಗಳನ್ನು. ಯುಗಾದಿಯ ಹೊತ್ತಿಗೆ ಅವು ಕೈಯಲ್ಲಿ ಹಿಡಿದರೆ ಪುಡಿಯಾಗುತ್ತಿದ್ದವು. ಗೆದ್ದಲಿಗೆ ನಾನೇ ಔತಣವಿತ್ತಂತಾಗಿತ್ತು. ಕಂಡ ಪರಿಚಿತರೊಬ್ಬರು, “ವಕೀಲ ಸಾಹೇಬರೆ, ಗ್ಯಾರೇಜಿನ ಸುಟ್ಟ ಎಣ್ಣೆ ಬಳಿಯಿರಿ, ಹತ್ತು ವರ್ಷ ಚಿಂತೆಯಿಲ್ಲ” ಎಂದರು. ಹಲಗೆಯ ಚಿಂತೆ ಇರಲಿಕ್ಕಿಲ್ಲ. ಆದರೆ ಆ ಎಣ್ಣೆಯಲ್ಲಿ ಎಂಜಿನ್ನಿನಿಂದ ಸವೆದು ಬಂದ ಲೋಹಗಳೂ ಕ್ಯಾನ್ಸರ್‌ಕಾರಕ ದ್ರವ್ಯಗಳೂ ಇರುತ್ತವೆ. ಆ ಮಡಿಯ ಪಲ್ಯ ಉಣ್ಣುವವರು ನಮ್ಮ ಮಕ್ಕಳು.

ಇದು ಒಬ್ಬರ ಹಿತ್ತಲಿನ ಪ್ರಶ್ನೆಯಲ್ಲ. ಶಾಲೆಗಳಲ್ಲಿ ಪೋಷಣ ತೋಟ ಬೆಳೆಸುವ ಬಗ್ಗೆ ಕೇಂದ್ರ ಸರಕಾರ 2019ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ನಮ್ಮ ರಾಜ್ಯದಲ್ಲಿ ಅದಕ್ಕೆ ‘ಪರಸಬಾಗ’ ಎಂದೇ ಹೆಸರು. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಕನ್ನಡ ಶಾಲೆಗಳಲ್ಲಿ ಇಂಥ ಕೆಲಸಕ್ಕೆ ಹಲಗೆ, ಕಲ್ಲು ಹೊಂದಿಸುವವರು ಬಹುಮಟ್ಟಿಗೆ ಪಾಲಕರೇ. ನಮ್ಮ ಎರೆ ಭೂಮಿ ಮಳೆಗೆ ಉಬ್ಬಿ ನೀರು ಹಿಡಿದು ನಿಲ್ಲುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಆದ್ದರಿಂದ ಎತ್ತರದ ಮಡಿ ಇಲ್ಲಿ ಉಪಯುಕ್ತ. ಆದರೆ ಅದೇ ಮಣ್ಣಿನ ಒತ್ತಡಕ್ಕೆ ತೆಳು ಹಲಗೆ ಬಾಗುತ್ತದೆ. ಒಂದೂವರೆ ಇಂಚಿಗಿಂತ ಕಡಿಮೆ ದಪ್ಪದ್ದು ಬೇಡ.

ಮರದ ಆಯ್ಕೆಯಲ್ಲಿ ಹಿರಿಯರ ಅನುಭವವೇ ದೊಡ್ಡದು. ಬಂಡಿಯ ಗಾಲಿಗೂ ಕೂರಿಗೆಗೂ ಅವರು ಜಾಲಿಯನ್ನು ಆರಿಸಿದ್ದು ಸುಮ್ಮನಲ್ಲ. ಜಾಲಿಯ ಕೆಂಪು ಚೇಗು ಗಟ್ಟಿ, ಬಾಳಿಕೆಯುಳ್ಳದ್ದು. ಹೊರಗಿನ ಬಿಳಿ ಭಾಗ ಮಾತ್ರ ಹುಳುವಿನ ಪಾಲು, ಏಕೆಂದರೆ ಅದರಲ್ಲಿ ಪಿಷ್ಟವಿರುತ್ತದೆ. ಹಸಿ ದಿಮ್ಮಿಯನ್ನು ಕೆಲವು ವಾರ ನೀರಿನಲ್ಲಿ ಮುಳುಗಿಸಿಡುವ ಹಳೆಯ ರೂಢಿ ಆ ಪಿಷ್ಟವನ್ನು ಕಳೆಯಲೆಂದೇ. ಸಾಗವಾನಿ ಎಲ್ಲಕ್ಕಿಂತ ಉತ್ತಮ, ಆದರೆ ಮೆಂತ್ಯ ಬೆಳೆಯಲು ಸಾಗವಾನಿ ಕೊಳ್ಳುವವರು ಯಾರು? ಬೇವಿನ ಚೇಗು ನಮ್ಮಂಥವರಿಗೆ ಸಾಕು.

ಕಾಯ್ದೆಯ ಮಾತು ಬಂದಲ್ಲಿ ವಕೀಲನು ಸುಮ್ಮನಿರಲಾರ. ಸಾಗವಾನಿ, ಮಾವು, ಹುಣಸೆ, ನೇರಳೆ ಮುಂತಾದ ಮರಗಳು ಮಹಾರಾಷ್ಟ್ರದ 1964ರ ವೃಕ್ಷ ಕಡಿತ ನಿಯಂತ್ರಣ ಕಾಯ್ದೆಯ ಪಟ್ಟಿಯಲ್ಲಿವೆ. ಸ್ವಂತ ಹೊಲದಲ್ಲಿದ್ದರೂ ಅನುಮತಿ ಬೇಕು. ಸೊಲ್ಲಾಪುರ ನಗರದೊಳಗೆ 1975ರ ಕಾಯ್ದೆ ಅನ್ವಯಿಸುತ್ತದೆ. ಶಾಲೆಯ ಕೆಲಸವೆಂದು ಕೊಡಲಿ ಎತ್ತಬೇಡಿರಿ.

ಹಳೆಯ ವಾಡೆ ಕೆಡವಿದಾಗ ಸಿಗುವ ಬಾಗಿಲು, ತೊಲೆಗಳು ಒಳ್ಳೆಯ ಮರವೇ. ಆದರೆ ಅವುಗಳ ಬಣ್ಣದಲ್ಲಿ ಸೀಸವಿರುವ ಸಂಭವ ಹೆಚ್ಚು. ಮನೆಬಳಕೆಯ ಬಣ್ಣದಲ್ಲಿ ಸೀಸಕ್ಕೆ ಮಿತಿ ಹಾಕಿದ ನಿಯಮ ಬಂದದ್ದೇ 2016ರಲ್ಲಿ. ಬಣ್ಣ ಬಳಿಯದ ತೊಲೆಯನ್ನಷ್ಟೇ ತೆಗೆದುಕೊಳ್ಳಿರಿ. ಮಕ್ಕಳೆದುರು ಹಳೆಯ ಬಣ್ಣವನ್ನು ಉಜ್ಜಿ ಪುಡಿ ಮಾಡುವುದಂತೂ ಬೇಡ. ರೈಲ್ವೆಯ ಹಳೆಯ ಸ್ಲೀಪರುಗಳು ಕ್ರಿಯೋಸೋಟ್ ಕುಡಿದಿರುತ್ತವೆ, ಅವೂ ಬೇಡ. ಸರಕಿನ ಪೆಟ್ಟಿಗೆಯ ಹಲಗೆಯ ಮೇಲೆ ‘ಎಚ್.ಟಿ.’ ಮುದ್ರೆಯಿದ್ದರೆ ಅದು ಶಾಖದಿಂದ ಸಂಸ್ಕರಿಸಿದ್ದು, ‘ಎಂ.ಬಿ.’ ಎಂದಿದ್ದರೆ ವಿಷಾನಿಲ ಹಾಯಿಸಿದ್ದು, ಬಿಟ್ಟುಬಿಡಿರಿ.

ಹಸಿರು ಛಾಯೆಯ ಸಂಸ್ಕರಿತ ಮರದ ಕಥೆ ಸ್ವಾರಸ್ಯದ್ದು. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಬೆರೆಸಿ ಮರ ಕಾಯುವ ವಿಧಾನವನ್ನು 1933ರಲ್ಲಿ ಕಂಡುಹಿಡಿದವರು ದೆಹರಾದೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ಭಾರತೀಯ ವಿಜ್ಞಾನಿ ಸೋಂಟಿ ಕಾಮೇಶಂ. ಜಗತ್ತೆಲ್ಲ ಅದನ್ನು ಬಳಸಿತು. ಕಂಬಕ್ಕೂ ಸೇತುವೆಗೂ ಅದು ಸರಿ. ಆದರೆ ಆರ್ಸೆನಿಕ್ ಮಣ್ಣಿಗೆ ಇಳಿಯುತ್ತದೆಂಬ ಕಾರಣದಿಂದ ಅಮೆರಿಕದಲ್ಲಿ 2003ರ ಕೊನೆಗೆ ಮನೆಬಳಕೆಯ ಮರಕ್ಕೆ ಅದನ್ನು ಹಾಕುವುದು ನಿಂತಿತು. ಪಲ್ಯದ ಮಡಿಗೆ ಅದು ಸಲ್ಲದು. ಬಿಳಿಗಾರದ ದ್ರಾವಣ ಗೆದ್ದಲನ್ನು ತಡೆಯುತ್ತದಾದರೂ ನೀರಿಗೆ ತೊಳೆದುಹೋಗುತ್ತದೆ. ಮಣ್ಣಿನಲ್ಲಿ ಹೆಚ್ಚಾದರೆ ಎಲೆ ಸುಡುತ್ತದೆ.

ಹಾಗಾದರೆ ಬಳಿಯುವುದೇನನ್ನು? ಹಸಿ ಅಗಸೆ ಎಣ್ಣೆಯನ್ನು. ಅಂಗಡಿಯಲ್ಲಿ ಬಣ್ಣದ ಕೆಲಸಕ್ಕೆ ಮಾರುವ ‘ಬಾಯಿಲ್ಡ್’ ಎಣ್ಣೆಯಲ್ಲಿ ಬೇಗ ಒಣಗಲೆಂದು ಲೋಹದ ಲವಣ ಬೆರೆಸಿರುತ್ತಾರೆ. ಗಾಣದ ಎಣ್ಣೆಯನ್ನೇ ಕೇಳಿರಿ. ಚೆನ್ನಾಗಿ ಒಣಗಿದ ಹಲಗೆಗೆ ತೆಳುವಾಗಿ ಎರಡು ಮೂರು ಸಲ ಬಳಿದು, ಪ್ರತಿ ಸಲವೂ ಪೂರ್ತಿ ಆರಲು ಬಿಡಬೇಕು. ಎಣ್ಣೆ ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಎಸೆಯಬೇಡಿರಿ. ಅದು ತಾನಾಗಿಯೇ ಹೊತ್ತಿಕೊಳ್ಳುವುದುಂಟು, ಹರವಿ ಒಣಗಿಸಿರಿ. ಈ ಎಣ್ಣೆ ನೀರನ್ನು ತಡೆಯುತ್ತದೆ, ಗೆದ್ದಲನ್ನಲ್ಲ. ಗೆದ್ದಲಿಗಾಗಿ ಹಲಗೆಯ ಕೆಳಗೆ ನಾಲ್ಕು ಇಂಚು ಮುರುಮು ಹಾಸಿ, ಹಲಗೆ ಮಣ್ಣಿನಲ್ಲಿ ಹೂತುಕೊಳ್ಳದಂತೆ ನೋಡಿಕೊಳ್ಳಬೇಕು. ವಾರಕ್ಕೊಮ್ಮೆ ಬುಡದಲ್ಲಿ ಮಣ್ಣಿನ ಗೆರೆ ಏರಿದೆಯೇ ಎಂದು ಕಂಡು ಕೆರೆಯಬೇಕು. ಈ ಕೆಲಸವನ್ನು ಮಕ್ಕಳು ನಮಗಿಂತ ಚೆನ್ನಾಗಿ ಮಾಡುತ್ತಾರೆ. ಅವರ ಕೈಗೆಟುಕುವಂತೆ ಮಡಿಯ ಅಗಲ ಮೂರು ಅಡಿಯಿದ್ದರೆ ಸಾಕು.

ಇಷ್ಟೆಲ್ಲ ಖರ್ಚು ಬೇಡವೆಂಬ ಶಾಲೆಗೆ ಶಹಾಬಾದ ಫರಶಿಯಿದೆ. ಅದಕ್ಕೆ ಗೆದ್ದಲೂ ಇಲ್ಲ, ಎಣ್ಣೆಯೂ ಬೇಡ. ಬಡಿಗೇರರ ಅಂಗಡಿಯಲ್ಲಿ ನನಗೆ ದೊರೆತ ಹಳೆಯ ಬಂಡಿಯ ಜಾಲಿ ಹಲಗೆಗಳು ಉದ್ದ ಸಾಲಲಿಲ್ಲ. ಹೀಗಾಗಿ ನಮ್ಮ ಮಡಿಗೆ ಈ ಸಲ ಎರಡು ಬದಿ ಜಾಲಿ, ಎರಡು ಬದಿ ಫರಶಿ ನಿಂತಿವೆ.