ಆಸ್ಪತ್ರೆ ದಾಖಲಾತಿ ಇಳಿದರೆ ಕಾಯಿಲೆ ಇಳಿಯಿತು ಅಂತಲ್ಲ

ಕೊರೊನಾ ಕಾಲದಲ್ಲಿ ಜನರ ಮನಸ್ಸು ಕೆಟ್ಟಿತ್ತು, ಹಾಗಾಗಿ ಮಾನಸಿಕ ಆಸ್ಪತ್ರೆಗಳು ತುಂಬಿ ತುಳುಕಿರಬೇಕು ಅಂತ ನಾವೆಲ್ಲ ಅಂದುಕೊಳ್ತೇವೆ. ಆದರೆ ಲಾಕ್‌ಡೌನ್‌ನ ಮೊದಲ ವಾರಗಳಲ್ಲಿ ಅನೇಕ ಕಡೆ ಆಗಿದ್ದು ಉಲ್ಟಾ. ದಾಖಲಾತಿ ಕಡಿಮೆಯಾಯಿತು.

ಕಾರಣ ಕಷ್ಟದ್ದೇನಲ್ಲ. ಬೆಂಗಳೂರಿನ ನಿಮ್ಹಾನ್ಸ್‌ಗೆ ಬರೋರು ಊರಿನವರಷ್ಟೇ ಅಲ್ಲ. ದೂರದ ಜಿಲ್ಲೆಗಳಿಂದ, ಪಕ್ಕದ ರಾಜ್ಯಗಳಿಂದಲೂ ಬರ್ತಾರೆ. 2020ರ ಮಾರ್ಚ್ ಕೊನೆಯ ಹೊತ್ತಿಗೆ ಬಸ್ಸು, ರೈಲು ನಿಂತವು. ಆಸ್ಪತ್ರೆಗಳು ತುರ್ತು ಕೇಸುಗಳಿಗೆ ಆದ್ಯತೆ ಕೊಟ್ಟವು. ವಾರ್ಡಿನಲ್ಲಿ ರೋಗಿಯ ಜೊತೆ ಮನೆಯವರೊಬ್ಬರು ಇರುವುದು ನಮ್ಮಲ್ಲಿ ರೂಢಿ. ಸೋಂಕಿನ ಭಯದಲ್ಲಿ ಅದೂ ಕಷ್ಟವಾಯಿತು.

ಶಟರ್ ಎಳೆದ ತಿಂಗಳು ವ್ಯಾಪಾರ ಕಡಿಮೆ ಬಂತು ಅಂತ, ಗಿರಾಕಿಗೆ ಸಾಮಾನು ಬೇಕಿರಲಿಲ್ಲ ಅಂತ ಯಾವ ಲೆಕ್ಕಿಗನೂ ಬರೆಯಲ್ಲ. ಇಲ್ಲೂ ಹಾಗೆಯೇ. ಇಟಲಿಯಲ್ಲಿ ಮಿಲಾನ್ ನಗರ ಇರುವ ಲೊಂಬಾರ್ಡಿ ಪ್ರಾಂತ್ಯದ ಅಂಕಿಅಂಶ ನೋಡಿದವರಿಗೆ ಕಂಡದ್ದು ಇದು: ತಾವಾಗಿ ಬಂದು ಸೇರುವವರ ಸಂಖ್ಯೆ ಇಳಿಯಿತು, ಕಡ್ಡಾಯವಾಗಿ ಸೇರಿಸಬೇಕಾದವರ ಸಂಖ್ಯೆ ಇಳಿಯಲಿಲ್ಲ. ಅಂದರೆ ತಡೆದುಕೊಳ್ಳಬಲ್ಲವರು ಮನೆಯಲ್ಲೇ ಉಳಿದರು. ಅವರ ಕಾಯಿಲೆ ಮಾತ್ರ ಅವರ ಜೊತೆಗೇ ಉಳಿಯಿತು.

ಬೆಂಗಳೂರಲ್ಲಿ ಇನ್ನೊಂದು ಬಾಬ್ತು ಮೇಲೇರಿತು. ಮದ್ಯದಂಗಡಿಗಳು ಒಮ್ಮೆಲೇ ಮುಚ್ಚಿ, ಮೇ 4ರವರೆಗೆ ತೆರೆಯಲಿಲ್ಲ. ದಿನವೂ ಕುಡಿಯುತ್ತಿದ್ದವರಿಗೆ ಏಕಾಏಕಿ ನಿಂತಾಗ ಕೈನಡುಕ, ಫಿಟ್ಸ್, ಇಲ್ಲದ್ದು ಕಾಣಿಸುವುದು ಶುರುವಾಗಬಹುದು; ಪ್ರಾಣಕ್ಕೂ ಅಪಾಯ. ಇಂಥ ತೀವ್ರ ಕೇಸುಗಳು ನಗರದ ಆಸ್ಪತ್ರೆಗಳಲ್ಲಿ ದಿನಕ್ಕೆ ಸರಿಸುಮಾರು ದುಪ್ಪಟ್ಟಾದವು.

ಮಾತ್ರೆ ನಿಂತವರದ್ದು ನಿಧಾನದ ಲೆಕ್ಕ. ಸ್ಕಿಜೋಫ್ರೇನಿಯಾ, ಬೈಪೋಲಾರ್ ಇದ್ದವರು ಔಷಧಿ ಬಿಟ್ಟರೆ ಮರುದಿನವೇ ಕೆಡುವುದಿಲ್ಲ. ವಾರಗಳು, ತಿಂಗಳುಗಳ ನಂತರ ಕೆಡ್ತಾರೆ. ಮಾರ್ಚ್‌ನ ಬಾಕಿ ಬೇರೆ ತಿಂಗಳ ಖಾತೆಯಲ್ಲಿ ಬರುತ್ತೆ.

ಗಲ್ಫ್‌ನಲ್ಲಿ ಕೂತು ತಿಂಗಳಿಗೆ ದುಡ್ಡು ಕಳಿಸುವ ನಮಗೆ ಇದರಿಂದ ಏನು ಪಾಠ? ಮನೆಯಲ್ಲಿ ಇಂಥ ರೋಗಿ ಇದ್ದರೆ ವಿಮಾನ ನಿಂತರೂ ಚಿಕಿತ್ಸೆ ನಿಲ್ಲದ ಹಾಗೆ ಈಗಲೇ ಏರ್ಪಾಡು ಮಾಡಿ. ಡಿಸ್ಚಾರ್ಜ್ ಸಮ್ಮರಿ ಮತ್ತು ಮಾತ್ರೆ ಚೀಟಿಯ ಫೋಟೊ ನಿಮ್ಮ ಫೋನಿನಲ್ಲಿರಲಿ. ವೈದ್ಯರನ್ನು ಕೇಳಿ ಸ್ವಲ್ಪ ಹೆಚ್ಚು ದಿನದ ಔಷಧಿ ಇಡಿಸಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ ರೋಗಿ ತನಗೆ ಬೇಕಾದ ವಯಸ್ಕರೊಬ್ಬರನ್ನು, ಅವರು ಒಪ್ಪಿದರೆ, ನಾಮನಿರ್ದೇಶಿತ ಪ್ರತಿನಿಧಿ ಅಂತ ಸಾದಾ ಕಾಗದದ ಮೇಲೆ ಬರೆದು ಸಹಿ ಹಾಕಬಹುದು. ಊರಲ್ಲೇ ಇರುವವರ ಹೆಸರು ಬರೆಸುವುದು ಒಳ್ಳೆಯದು. ಮನೆಯವರಿಗೆ ಟೆಲಿ ಮಾನಸ್ ನಂಬರ್ 14416 ಕೊಟ್ಟಿಡಿ. ಉಚಿತ, ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡ್ತಾರೆ.

ಮತ್ತೆ ಫೋನ್ ಮಾಡಿದಾಗ "ಎಲ್ಲಾ ಆರಾಮಾ?" ಅಂತ ಮಾತ್ರ ಕೇಳಬೇಡಿ. "ಮಾತ್ರೆ ಇನ್ನು ಎಷ್ಟು ದಿನಕ್ಕಿದೆ?" ಅಂತಲೂ ಕೇಳಿ.