ನಕ್ಷೆಯ ದೂರ, ಟಿಕೆಟಿನ ಗಂಟೆ

‘ಮಂಗಳೂರಿನಿಂದ ಬೆಂಗಳೂರಿಗೆ ವಿಮಾನದಲ್ಲಿ ಒಂದೇ ಗಂಟೆ’ ಎಂಬ ಮಾತು ಕಾಸರಗೋಡಿನ ಮನೆಗಳಲ್ಲಿ ಆಗಾಗ ಕೇಳಿಬರುತ್ತದೆ. ಪ್ಲಸ್ ಟು ಮುಗಿಸಿದ ಮಕ್ಕಳನ್ನು ಪ್ರವೇಶ ಪರೀಕ್ಷೆಗೋ ಕೌನ್ಸೆಲಿಂಗ್‌ಗೋ ಕರೆದೊಯ್ಯುವ ಪೋಷಕರು ಈ ಒಂದು ಗಂಟೆಯ ಅರ್ಥವನ್ನು ಸರಿಯಾಗಿ ತಿಳಿದಿರಬೇಕು.

ಬಜಪೆಯ ವಿಮಾನ ನಿಲ್ದಾಣಕ್ಕೂ ದೇವನಹಳ್ಳಿಯ ನಿಲ್ದಾಣಕ್ಕೂ ನೇರ ಗೆರೆಯ ದೂರ ಸುಮಾರು 300 ಕಿಲೋಮೀಟರ್. ಗಂಟೆಗೆ 800 ಕಿಲೋಮೀಟರ್ ವೇಗದ ಜೆಟ್ ವಿಮಾನ ಇದನ್ನು 23 ನಿಮಿಷಗಳಲ್ಲಿ ಕ್ರಮಿಸಬೇಕೆಂದು ಶಾಲೆಯ ಗಣಿತ ಹೇಳುತ್ತದೆ. ಆದರೆ ವೇಳಾಪಟ್ಟಿಯಲ್ಲಿರುವುದು ಒಂದು ಗಂಟೆಯ ಆಸುಪಾಸು. ವಿಮಾನವು ನಿಂತ ಸ್ಥಳದಿಂದ ರನ್‌ವೇಗೆ ಸಾಗುವುದು, ಮೇಲೇರುವುದು, ಇಳಿಯಲು ಸರದಿ ಕಾಯುವುದು, ಮತ್ತೆ ನಿಲುಗಡೆಯ ಸ್ಥಳ ಸೇರುವುದು ಎಲ್ಲವೂ ಅದರಲ್ಲಿ ಸೇರಿವೆ. ಈ ಒಟ್ಟು ಅವಧಿಗೆ ‘ಬ್ಲಾಕ್ ಟೈಮ್’ ಎಂದು ಹೆಸರು.

ಪ್ರಯಾಣಿಕರ ಗಡಿಯಾರ ಇದಕ್ಕಿಂತ ಬೇರೆ. ವಿಮಾನವು ಬೆಳಗ್ಗೆ 8ಕ್ಕೆ ಹೊರಡುವುದೆಂದು ಭಾವಿಸೋಣ. ಚೆಕ್-ಇನ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುವುದರಿಂದ 6ರ ಸುಮಾರಿಗೆ ಬಜಪೆ ತಲಪುವುದು ಕ್ಷೇಮ. ಅದಕ್ಕಾಗಿ ಕಾಸರಗೋಡನ್ನು 4.15ಕ್ಕೆ ಬಿಡಬೇಕು. 9ಕ್ಕೆ ಇಳಿದು, ಸಾಮಾನು ಪಡೆದು, ದೇವನಹಳ್ಳಿಯಿಂದ ನಗರದ ನಡುಭಾಗಕ್ಕೆ ಬರುವಾಗ 11 ಆಗಬಹುದು. ಒಂದು ಗಂಟೆಯ ಪ್ರಯಾಣ ಆರೂಮುಕ್ಕಾಲು ಗಂಟೆಯಾಯಿತು! 10 ಗಂಟೆಯ ಪರೀಕ್ಷೆ ಅಷ್ಟರಲ್ಲಿ ಆರಂಭವಾಗಿರುತ್ತದೆ. ಅಂತಹ ದಿನಕ್ಕೆ ಹಿಂದಿನ ರಾತ್ರಿ ಕಾಸರಗೋಡಿನಲ್ಲಿಯೇ ಹತ್ತಬಹುದಾದ ಬೆಂಗಳೂರು ರೈಲು ಅಥವಾ ಹಿಂದಿನ ದಿನದ ವಿಮಾನವೇ ಲೇಸು.

ಬ್ಲಾಕ್ ಟೈಮ್‌ಗೆ ಕಾನೂನಿನಲ್ಲಿಯೂ ಬೆಲೆಯಿದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದಂತೆ, ಸಕಾಲದಲ್ಲಿ ತಿಳಿಸದೆ ವಿಮಾನವನ್ನು ರದ್ದುಪಡಿಸಿದರೆ ಟಿಕೆಟಿನ ಹಣ ಮರಳಿಸುವುದಲ್ಲದೆ ಪರಿಹಾರವನ್ನೂ ಕೊಡಬೇಕು. ಬ್ಲಾಕ್ ಟೈಮ್ ಒಂದು ಗಂಟೆಯವರೆಗಿದ್ದರೆ ಪರಿಹಾರದ ಮಿತಿ 5,000 ರೂಪಾಯಿ. ಒಂದು ಗಂಟೆ ಮೀರಿ ಎರಡು ಗಂಟೆಯವರೆಗೆ 7,500 ರೂಪಾಯಿ. ಅದಕ್ಕೂ ಮೇಲ್ಪಟ್ಟರೆ 10,000 ರೂಪಾಯಿ. ಈ ಮಿತಿ ಮತ್ತು ಒಂದು ಬದಿಯ ಮೂಲ ದರ ಹಾಗೂ ಇಂಧನ ಶುಲ್ಕದ ಮೊತ್ತ, ಇವೆರಡರಲ್ಲಿ ಕಡಿಮೆಯಾದುದು ಪ್ರಯಾಣಿಕರಿಗೆ ಸಲ್ಲುತ್ತದೆ. ಅಂದರೆ ವೇಳಾಪಟ್ಟಿಯಲ್ಲಿ 60 ನಿಮಿಷವಿದೆಯೇ, 65 ನಿಮಿಷವಿದೆಯೇ ಎಂಬುದರ ಮೇಲೆ ಮಿತಿಯೇ ಬದಲಾಗುತ್ತದೆ. ಇಂತಹ ಕಿರು ಪ್ರಯಾಣದ ವಿಮಾನ ಎರಡು ಗಂಟೆ ಅಥವಾ ಹೆಚ್ಚು ತಡವಾದರೆ, ಸಮಯಕ್ಕೆ ಬಂದು ಕಾದವರಿಗೆ ಊಟ-ಉಪಾಹಾರ ಒದಗಿಸಬೇಕೆಂಬ ನಿಯಮವೂ ಇದೆ.

ಆದರೆ ಮಳೆ-ಮಂಜಿನಂತಹ, ಸಂಸ್ಥೆಯ ಹಿಡಿತಕ್ಕೆ ಮೀರಿದ ಕಾರಣಗಳಿಗೆ ಪರಿಹಾರವಿಲ್ಲ. ಟಿಕೆಟ್ ಕಾಯ್ದಿರಿಸುವಾಗ ಸಂಪರ್ಕ ವಿವರವನ್ನು ಸರಿಯಾಗಿ ಕೊಡದವರಿಗೂ ಅದು ಸಿಗದು. ಏಜೆಂಟರ ಮೂಲಕ ಟಿಕೆಟ್ ಮಾಡಿಸುವ ಕುಟುಂಬಗಳು ಎಡವುವುದು ಇಲ್ಲಿಯೇ. ಏಜೆಂಟರ ದೂರವಾಣಿ ಸಂಖ್ಯೆಯೊಂದೇ ದಾಖಲಾಗಿದ್ದರೆ ವಿಮಾನ ರದ್ದಾದ ಸುದ್ದಿ ಅವರಿಗೆ ತಲಪುತ್ತದೆ, ಮನೆಯವರಿಗಲ್ಲ.

ಆದುದರಿಂದ ಟಿಕೆಟ್ ಕೈಗೆ ಬಂದೊಡನೆ ಎರಡನ್ನು ಪರೀಕ್ಷಿಸಬೇಕು: ಹೊರಡುವ ಮತ್ತು ತಲಪುವ ವೇಳೆಗಳ ನಡುವಣ ನಿಮಿಷಗಳು, ಹಾಗೂ ಅದರಲ್ಲಿ ನಮೂದಾದ ದೂರವಾಣಿ ಸಂಖ್ಯೆ. ಮೊದಲ ಲೆಕ್ಕವನ್ನು ಮನೆಯ ಮಕ್ಕಳೇ ಮಾಡಿಯಾರು. ಎರಡನೆಯದನ್ನು ಹಿರಿಯರು ಮರೆಯಬಾರದು.