ನೀರು ಬರುವ ಮೊದಲೇ ಮನೆ ಸಿದ್ಧವಾಗಲಿ



ಮಳೆಗಾಲ ಬಂತೆಂದರೆ ಸಿರುಗುಪ್ಪದ ಹೊಳೆದಂಡೆಯ ಮನೆಗಳಲ್ಲಿ ಒಂದೇ ಪ್ರಶ್ನೆ: ‘ಡ್ಯಾಮಿನಿಂದ ಎಷ್ಟು ಬಿಟ್ಟಿದ್ದಾರೆ?’ ಉತ್ತರ ಸಿಕ್ಕ ಮೇಲೆ ಮನೆಯಲ್ಲಿ ಯಾರು ಏನು ಮಾಡಬೇಕು ಎಂಬುದು ಮಾತ್ರ ಎಷ್ಟೋ ಮನೆಗಳಲ್ಲಿ ತೀರ್ಮಾನವಾಗಿರುವುದಿಲ್ಲ. ಜುಮಾ ಖುತ್ಬಾದಲ್ಲಿ ನಾವು ಹೇಳಿದ್ದನ್ನು, ಮಸೀದಿಗೆ ಬರದ ತಾಯಂದಿರಿಗೂ ತಲುಪಲೆಂದು ಇಲ್ಲಿ ವಿವರವಾಗಿ ಬರೆಯುತ್ತಿದ್ದೇವೆ.

ನಮ್ಮ ಭಾಗದ ಅಪಾಯ ಯಾವುದು?

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳ ಪೈಕಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಆ ಒಂದೇ ಬಾಯಿಂದ ಸುಮಾರು 35,000 ಕ್ಯೂಸೆಕ್ ನೀರು ಹೊರನುಗ್ಗಿತು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ 28 ಲೀಟರಿಗಿಂತ ತುಸು ಹೆಚ್ಚು. ಅಂದರೆ ಸೆಕೆಂಡಿಗೆ ಹತ್ತು ಲಕ್ಷ ಲೀಟರಿನಷ್ಟು! ಅಣೆಕಟ್ಟೆಯ ಮೇಲಿನ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಕೂರಿಸಲಾಯಿತು. ಅಲ್ಲಾಹನ ಕೃಪೆಯಿಂದ ದೊಡ್ಡ ಅನಾಹುತ ತಪ್ಪಿತು.

2009ರಲ್ಲಿ ತಪ್ಪಿರಲಿಲ್ಲ. ಆ ವರ್ಷದ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಳೆಗೆ ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಸಿರುಗುಪ್ಪ ತಾಲೂಕಿನ ಹಳ್ಳಿಗಳಿಗೆ ನೀರು ನುಗ್ಗಿತು. ನಮ್ಮಿಂದ ಕೆಳಗಿನ ಕರ್ನೂಲು ನಗರವೇ ಮುಳುಗಿತು. ಸರ್ಕಾರ ‘ಆಸರೆ’ ಯೋಜನೆಯಲ್ಲಿ ಮನೆ ಕಟ್ಟಿಕೊಡಬೇಕಾಗಿ ಬಂದದ್ದು ಆ ನೆರೆಯ ನಂತರವೇ.

ಹೊಳೆ ಒಂದೇ ಅಲ್ಲ ಎಂಬುದೂ ನೆನಪಿರಲಿ. ಹಗರಿ, ಅಂದರೆ ವೇದಾವತಿ, ವರ್ಷಗಟ್ಟಲೆ ಮರಳಾಗಿ ಮಲಗಿರುತ್ತದೆ. 2022ರಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ ಕೋಡಿ ಬಿದ್ದಾಗ ಅದೇ ಹಗರಿ ದಡ ತುಂಬಿ ಹರಿಯಿತು. ‘ನಮ್ಮಜ್ಜನ ಕಾಲದಿಂದ ಇಲ್ಲಿಗೆ ನೀರು ಬಂದಿಲ್ಲ’ ಎಂಬ ಮಾತನ್ನು ನಂಬಿ ಕೂರುವಂತಿಲ್ಲ.

ತಕ್ದೀರ್ ಇದ್ದಂತೆ ಆಗುತ್ತದಲ್ಲವೇ?

ಹೀಗೆ ಕೇಳುವ ಹಿರಿಯರಿದ್ದಾರೆ. ಹಜ್ರತ್ ಉಮರ್(ರ) ಶಾಮ್ ದೇಶಕ್ಕೆ ಹೊರಟಿದ್ದಾಗ ಅಲ್ಲಿ ಪ್ಲೇಗು ಹಬ್ಬಿದೆಯೆಂದು ತಿಳಿದು ದಾರಿಯಿಂದಲೇ ಹಿಂತಿರುಗಲು ತೀರ್ಮಾನಿಸಿದರು. ಅಲ್ಲಾಹನ ವಿಧಿಯಿಂದ ಓಡಿಹೋಗುತ್ತಿದ್ದೀರಾ ಎಂದು ಅಬೂ ಉಬೈದಾ(ರ) ಕೇಳಿದರು. ಹೌದು, ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬುದು ಉಮರ್(ರ) ಉತ್ತರದ ತಾತ್ಪರ್ಯ. ಒಂದು ದಡ ಹಸಿರು, ಇನ್ನೊಂದು ಬರಡು ಇದ್ದರೆ ಒಂಟೆಯನ್ನು ಯಾವ ದಡದಲ್ಲಿ ಮೇಯಿಸುತ್ತೀರಿ ಎಂದೂ ಅವರು ಕೇಳಿದ್ದರು. ನೀರು ಬರುವುದು ಅವನ ವಿಧಿ. ನೀರು ಬರುವ ಮೊದಲು ಎತ್ತರಕ್ಕೆ ಹೋಗುವ ಬುದ್ಧಿ ಕೊಟ್ಟದ್ದೂ ಅವನೇ.

ಎಚ್ಚರಿಕೆ ಮನೆಯೊಳಗೆ ತಲುಪಲಿ

ಅಣೆಕಟ್ಟೆಯ ನೀರು ಭೂಕಂಪದಂತೆ ಹೇಳದೆ ಬರುವುದಿಲ್ಲ. ಡಂಗುರ, ಫೋನಿನ ಸಂದೇಶ, ಪಂಚಾಯಿತಿಯ ಮೈಕು ಯಾವುದಾದರೂ ಒಂದು ಬರುತ್ತದೆ. ಆದರೆ ಫೋನು ಯಜಮಾನನ ಜೇಬಿನಲ್ಲಿ, ಯಜಮಾನ ಅಂಗಡಿಯಲ್ಲಿ, ಮನೆಯಲ್ಲಿ ಅಮ್ಮಾ, ದಾದಿ, ಮಕ್ಕಳು ಮಾತ್ರ! ಸುದ್ದಿ ಬಂದೂ ಬಾರದಂತೆಯೇ. ಆದ್ದರಿಂದ ಮೊದಲ ಸಿದ್ಧತೆ ಇದು: ಗಂಡಸರು ಇಲ್ಲದಿದ್ದರೂ, ಯಾರ ಅನುಮತಿಗೂ ಕಾಯದೆ, ಮಕ್ಕಳನ್ನು ಕರೆದುಕೊಂಡು ಹೊರಡಬಹುದು ಎಂದು ಮನೆಯ ಹೆಂಗಸರಿಗೆ ಇವತ್ತೇ ಸ್ಪಷ್ಟವಾಗಿ ಹೇಳಿಡಿ. ಎಲ್ಲಿಗೆ ಹೋಗಬೇಕು, ಯಾವ ದಾರಿಯಲ್ಲಿ ಹೋಗಬೇಕು ಎಂಬುದೂ ತೀರ್ಮಾನವಾಗಿರಲಿ. ಹೊಳೆ ಏರಿದಾಗ ಕಂಪ್ಲಿ–ಗಂಗಾವತಿ ಸೇತುವೆ ಮುಳುಗುವುದು ಎಲ್ಲರಿಗೂ ಗೊತ್ತು. ಹಾಗೆ ಮುಳುಗುವ ದಾರಿಯನ್ನು ನೆಚ್ಚಿಕೊಳ್ಳಬೇಡಿ.

ಮಸೀದಿಯ ಮೈಕು ಇಡೀ ಓಣಿಯದು. ಜೋರು ಮಳೆಯ ದಿನ ಇಬ್ನು ಅಬ್ಬಾಸ್(ರ) ಅವರು ನಮಾಝಿಗೆ ಬನ್ನಿ ಎಂಬ ಕರೆಯ ಬದಲು ಮನೆಗಳಲ್ಲೇ ನಮಾಝ್ ಮಾಡಿ ಎಂದು ಕೂಗಲು ಮುಅಝ್ಝಿನ್‌ಗೆ ಹೇಳಿದ್ದರು. ಅಝಾನಿನಲ್ಲೇ ಮಳೆಯ ಎಚ್ಚರಿಕೆ ಕೊಟ್ಟ ಸಮುದಾಯ ನಮ್ಮದು. ತಾಲೂಕು ಆಡಳಿತದ ಸೂಚನೆ ಬಂದರೆ ಮೈಕಿನಲ್ಲಿ ಕನ್ನಡದಲ್ಲೇ ಹೇಳಬೇಕು. ಪಕ್ಕದ ಮನೆಯವರು ಯಾವ ಧರ್ಮದವರಾದರೂ ಅವರಿಗೂ ಅದು ತಿಳಿಯಬೇಕು. ಅದು ನೆರೆಯವರ ಹಕ್ಕು. ಕೇಳಿದ ಸುದ್ದಿಯನ್ನೆಲ್ಲ ಮೈಕಿನಲ್ಲಿ ಹೇಳಬಾರದು. ಮೊದಲು 1077ಕ್ಕೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಅದು ಜಿಲ್ಲಾ ವಿಪತ್ತು ಸಹಾಯವಾಣಿ.

ಒಂದು ಚೀಲ, ಒಂದು ಪಟ್ಟಿ

ಮನೆ ಬಿಟ್ಟು ಹೋಗುವಾಗ ಹುಡುಕುತ್ತಾ ಕೂರಬಾರದು. ಆಧಾರ್, ರೇಷನ್ ಕಾರ್ಡ್, ಪಹಣಿ, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಅಂಕಪಟ್ಟಿ, ನಿಕಾಹ್‌ನಾಮಾ ಇವುಗಳನ್ನು ಗಟ್ಟಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಂದೇ ಚೀಲದಲ್ಲಿಡಿ. ಪ್ರತಿಯೊಂದರ ಫೋಟೋ ತೆಗೆದು ಊರಾಚೆಯ ನೆಂಟರೊಬ್ಬರ ಫೋನಿಗೂ ಕಳಿಸಿ. ಆಧಾರ್, ಪಹಣಿಗಳ ನಕಲು ಮತ್ತೆ ಸಿಗುತ್ತವೆ. ಹಳೆಯ ನಿಕಾಹ್‌ನಾಮಾ ಸಿಗುವುದು ಮಸೀದಿಯ ದಫ್ತರ್ ಉಳಿದಿದ್ದರೆ ಮಾತ್ರ. ಆದ್ದರಿಂದ ಜಮಾಅತ್ ಕಮಿಟಿಯವರು ನಿಕಾಹ್ ದಫ್ತರನ್ನೂ ಮಸೀದಿಯ ಆಸ್ತಿ ಪತ್ರಗಳನ್ನೂ ನೆಲದ ಪೆಟ್ಟಿಗೆಯಿಂದ ತೆಗೆದು ಎತ್ತರದಲ್ಲಿಡಬೇಕು. ಅವು ನಮ್ಮ ಕೈಯಲ್ಲಿರುವ ಅಮಾನತು.

ಚೀಲದಲ್ಲಿ ಇನ್ನೂ ಕೆಲವು ಇರಲಿ: ಬಿಪಿ, ಶುಗರ್ ಮಾತ್ರೆ ಕನಿಷ್ಠ ಒಂದು ವಾರಕ್ಕೆ, ಡಾಕ್ಟರ ಚೀಟಿ, ಟಾರ್ಚು, ಸ್ವಲ್ಪ ನಗದು, ಹೆಂಗಸರಿಗೆ ಬೇಕಾದ ಪ್ಯಾಡು, ಒಣ ತಿಂಡಿ. ಚೀಲದ ಜೊತೆ ಪಟ್ಟಿಯೂ ಇರಲಿ: ದಾದಾಜಾನ್‌ರನ್ನು ಯಾರು ಎತ್ತಿಕೊಳ್ಳಬೇಕು, ಕೂಸನ್ನು ಯಾರು, ಆಡು-ದನಗಳ ಹಗ್ಗವನ್ನು ಬಿಚ್ಚುವವರು ಯಾರು. ಕಟ್ಟಿಹಾಕಿದ ಪ್ರಾಣಿ ಮುಳುಗಿ ಸತ್ತರೆ ಅದಕ್ಕೂ ನಾವು ಉತ್ತರ ಕೊಡಬೇಕು.

ಹೊರಡುವಾಗ ಕರೆಂಟಿನ ಮೇನ್ ಸ್ವಿಚ್ ಇಳಿಸಿ, ಗ್ಯಾಸ್ ರೆಗ್ಯುಲೇಟರ್ ಬಂದ್ ಮಾಡಿ. ಹರಿಯುವ ನೀರಿಗೆ ಇಳಿಯಲೇಬೇಡಿ. ಜೋರಾಗಿ ಹರಿಯುವ ಅರ್ಧ ಅಡಿ ನೀರು ಆಳನ್ನು ಬೀಳಿಸಬಲ್ಲದು, ಒಂದು ಅಡಿ ನೀರು ಸಣ್ಣ ಕಾರನ್ನು ಎಳೆದೊಯ್ಯಬಲ್ಲದು.

ನೀರು ಇಳಿದ ಮೇಲೆ

ನೆಂದ ಮಣ್ಣಿನ ಗೋಡೆ, ಮಾಳಿಗೆ ಮನೆಗಳು ನೀರು ಇಳಿದ ಮೇಲೂ ಕುಸಿಯುತ್ತವೆ. ತಿಳಿದವರು ನೋಡಿ ಹೇಳುವ ತನಕ ಒಳಗೆ ಮಲಗಬೇಡಿ. ಸಾಮಾನುಗಳ ನಡುವೆ ಹಾವು ಚೇಳು ಸೇರಿರುತ್ತವೆ, ಕೋಲಿನಿಂದ ಸರಿಸಿ. ಕೆಸರು ತೆಗೆಯುವ ಮೊದಲು ಹಾನಿಯ ಫೋಟೋ ತೆಗೆಯಿರಿ. ಗ್ರಾಮ ಆಡಳಿತಾಧಿಕಾರಿ ಪಂಚನಾಮೆ ಮಾಡಿದರೆ ಮಾತ್ರ ಪರಿಹಾರದ ದಾರಿ ತೆರೆಯುತ್ತದೆ. ನೀರು ಕುದಿಸಿ ಕುಡಿಯಿರಿ. ವಾಂತಿಭೇದಿ ಶುರುವಾದರೆ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿ ಗುಟುಕು ಗುಟುಕಾಗಿ ಕುಡಿಸುತ್ತಾ ಆಸ್ಪತ್ರೆಗೆ ಹೊರಡಿ. ಚಮಚ ಟೀ ಚಮಚವೇ ಆಗಿರಲಿ. ಆಂಬುಲೆನ್ಸ್‌ಗೆ 108, ಬೇರೆ ತುರ್ತಿಗೆ 112.

ಬಳ್ಳಾರಿ, ಕುರುಗೋಡಿನವರಿಗೆ

‘ನಮಗೆ ಹೊಳೆಯಿಲ್ಲ, ಚಿಂತೆಯೂ ಇಲ್ಲ’ ಎನ್ನಬೇಡಿ. ಬಳ್ಳಾರಿ ನಗರ ಕುಡಿಯುವ ನೀರಿಗೆ ನೆಚ್ಚಿರುವುದು ತುಂಗಭದ್ರೆಯನ್ನೇ. ಕಾಲುವೆಯ ನೀರೇ ಅಲ್ಲೀಪುರದ ಕೆರೆಗೆ ಬರುತ್ತದೆ. 2022ರ ಅಕ್ಟೋಬರಿನಲ್ಲಿ ವೇದಾವತಿಯ ಮೇಲೆ ಹಾಯುವ ಎಲ್‌ಎಲ್‌ಸಿ ಕಾಲುವೆಯ ಕಂಬವೊಂದು ಕುಸಿದು ನೀರು ನಿಂತದ್ದನ್ನು ಮರೆಯದಿರಿ. ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರಿನಂತೆ ಮೂರು ದಿನದ ಕುಡಿಯುವ, ಅಡುಗೆಯ ನೀರು ಮುಚ್ಚಿದ ಪಾತ್ರೆಯಲ್ಲಿರಲಿ. ಐದು ಜನರ ಮನೆಗೆ ಇಪ್ಪತ್ತು ಲೀಟರಿನ ಮೂರು ಕ್ಯಾನು ಸಾಕು.

ಕುರುಗೋಡು ಹೊಳೆಯಿಂದ ದೂರದಲ್ಲಿ ಗುಡ್ಡದ ಬುಡದಲ್ಲಿದೆ. ಅಲ್ಲಿನವರ ಪಾಲಿನ ಕೆಲಸ ಬೇರೆ: ಹೊಳೆದಂಡೆಯ ಯಾವ ಮನೆಯವರನ್ನು ನಾವು ಕರೆದುಕೊಳ್ಳುತ್ತೇವೆ ಎಂದು ಈಗಲೇ ತೀರ್ಮಾನಿಸಿ, ಆ ಮನೆಗೆ ಫೋನ್ ಮಾಡಿ ‘ನೀರು ಬಂದರೆ ನೇರ ನಮ್ಮ ಮನೆಗೇ ಬನ್ನಿ’ ಎಂದು ಹೇಳಿಡುವುದು. ಈ ಒಂದು ಮಾತು ಸಿರುಗುಪ್ಪದ ಒಬ್ಬ ತಾಯಿಗೆ ರಾತ್ರಿಹೊತ್ತು ಹೊರಡುವ ಧೈರ್ಯ ಕೊಡುತ್ತದೆ. ಎಲ್ಲಿಗೆ ಹೋಗುವುದೆಂದು ತಿಳಿಯದೆ ಮನೆಯಲ್ಲೇ ಉಳಿದವರೇ ಹೆಚ್ಚು ಅಪಾಯಕ್ಕೆ ಸಿಗುತ್ತಾರೆ.

ಬರುವ ಶುಕ್ರವಾರದೊಳಗೆ ಪ್ರತಿ ಮನೆಯವರೂ ಒಂದು ಸಂಜೆ ಇಶಾ ನಂತರ ಮಕ್ಕಳನ್ನೂ ಕೂರಿಸಿಕೊಂಡು ಈ ಪಟ್ಟಿ ಬರೆಯಿರಿ. ಒಬ್ಬಂಟಿ ವೃದ್ಧರು, ನಡೆಯಲಾಗದವರು, ತುಂಬು ಗರ್ಭಿಣಿಯರು ಇರುವ ಮನೆಗಳ ಹೆಸರನ್ನು ಮಹಲ್ಲಾದ ಯುವಕರಿಗೆ ಕೊಡಿ.

ಅಲ್ಲಾಹನು ನಮ್ಮ ಊರುಗಳನ್ನು, ನಮ್ಮ ನೆರೆಹೊರೆಯವರೆಲ್ಲರನ್ನು ಕಾಪಾಡಲಿ. ಮಳೆಯನ್ನು ನಮ್ಮ ಪಾಲಿಗೆ ರಹ್ಮತ್ ಆಗಿಸಲಿ. ಆಮೀನ್.